ಹಣ್ಣಿನೊಳಗಣ ಕಾಷ್ಠ

೧

ಮಾವಿನ ಹಣ್ಣನ್ನು ತಿಂದವರೆಲ್ಲರೂ ಓಟೆಯನ್ನು ಎಸೆಯುವರು. ಆ ಓಟೆಯು ಏತರಿಂದ ಆಯಿತೆಂದು ವಿಚಾರಿಸುವವರು ವಿರಳ. ಸೀಬೆಯ ಹಣ್ಣಿನ ತಿರುಳಿನಲ್ಲಿ, ಬೀಜಗಳಲ್ಲದೆ, ಹಲ್ಲಿಗೆ ಮರಳಿನಂತೆ ಸಿಕ್ಕುವ ಸಣ್ಣ ಕಣಗಳೂ ಇರುವುದು ನಮ್ಮೆಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ತೆಂಗಿನ ಕರಟದ ಗಟ್ಟಿತನವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಈ ಮೂರೂ ನೋಟಕ್ಕೆ ಬೇರೆಬೇರೆಯಾಗಿದ್ದರೂ ಇವುಗಳಿಗೆ ಕಾಠಿಣ್ಯವನ್ನು ಕೊಡುವ ವಸ್ತುವು ಒಂದೇ. ತೇಗ ಹೊನ್ನೆಗಳ ಮರಕ್ಕೆ ಬಲವನ್ನು ಕೊಡುವ ಲಿಗ್ನಿನ್ ಎಂಬ ಕಾಷ್ಠವಸ್ತುವೇ ಅದು. ಗಿಡವು ತನ್ನ ಕಾಂಡದಲ್ಲಿ ತುಂಬುವ ಪದಾರ್ಥವನ್ನೇ ಹಣ್ಣಿನಲ್ಲಿಯೂ, ನಿಯತವಾದ ಸ್ಥಳದಲ್ಲಿ, ನಿಯತವಾದ ಕಾಲದಲ್ಲಿ ತುಂಬುತ್ತದೆ.

ಈ ವಸ್ತುವಿನ ಜ್ಞಾನವು ಮನುಷ್ಯನಿಗೆ ಬಂದ ಬಗೆಯನ್ನು ನಿರೂಪಿಸುವುದೂ, ಅದರಲ್ಲಿ ತೋಟಗಾರನ ಪಾಲೆಷ್ಟು, ರಸಾಯನಶಾಸ್ತ್ರಜ್ಞನ ಪಾಲೆಷ್ಟು, ವಂಶವಾಹಿಗಳನ್ನು ಓದಬಲ್ಲ ಇಂದಿನ ವಿಜ್ಞಾನಿಯ ಪಾಲೆಷ್ಟು ಎಂಬುದನ್ನು ವಿವೇಚಿಸುವುದೂ ಈ ಲೇಖನದ ಉದ್ದೇಶವು. ಈ ವಿಚಾರದಲ್ಲಿ ಸುಲಭವಾಗಿ ತಲೆದೋರುವ ಅಭಿಪ್ರಾಯಗಳು ಎರಡು. ಅಮೆರಿಕದ ಲೂಥರ್ ಬರ್ಬ್ಯಾಂಕನು ಓಟೆಯಿಲ್ಲದ ಹಣ್ಣನ್ನು ನಿರ್ಮಿಸಿ ಪ್ರಕೃತಿಯನ್ನು ಗೆದ್ದನೆಂಬುದು ಒಂದು. ಲಿಗ್ನಿನ್ನಿಗೆ ಕಾರಣವಾದ ವಂಶವಾಹಿಯೊಂದು ಇದ್ದೇ ಇರುವುದು, ಅದನ್ನು ಹಿಡಿದರೆ ಹಣ್ಣಿನ ಕಾಠಿಣ್ಯವು ಕೈವಶವಾಗುವುದು ಎಂಬುದು ಇನ್ನೊಂದು. ಇವೆರಡೂ ಪರೀಕ್ಷೆಗೆ ನಿಲ್ಲವೆಂದೂ, ಇವುಗಳ ದೋಷವನ್ನು ತೋರಿಸಿಕೊಟ್ಟದ್ದು ಪೇಟೆಗೆ ಬೇಡವಾಗಿದ್ದ ಒಂದು ಬಗೆಯ ಮರವೆಂದೂ ಮುಂದೆ ವ್ಯಕ್ತವಾಗುವುದು.

೨

ಹಣ್ಣಿನೊಳಗಣ ಕಲ್ಲನ್ನು ಶಾಸ್ತ್ರದೃಷ್ಟಿಯಿಂದ ಮೊದಲು ನೋಡಿದವರಲ್ಲಿ ಇಂಗ್ಲೆಂಡಿನ ನೆಹೆಮಿಯಾ ಗ್ರೂ ಎಂಬ ವೈದ್ಯನು ಅಗ್ರಗಣ್ಯನು. ಸಸ್ಯಗಳ ಅಂಗರಚನೆಯನ್ನು ಕುರಿತು ಕ್ರಿ. ಶ. ೧೬೮೨ರಲ್ಲಿ ಅವನು ಪ್ರಕಟಿಸಿದ ಮಹಾಗ್ರಂಥದಲ್ಲಿ ಪೇರ್ ಹಣ್ಣನ್ನು ಕೊಯ್ದು, ಸೂಕ್ಷ್ಮದರ್ಶಕದಿಂದ ನೋಡಿ, ಅದರ ತಿರುಳಿನಲ್ಲಿ ಚದರಿರುವ ಗಟ್ಟಿಕಣಗಳನ್ನು ಚಿತ್ರಸಹಿತವಾಗಿ ವರ್ಣಿಸಿದನು. ನಮ್ಮಲ್ಲಿ ಮರಸೇಬೆಂದು ಹೆಸರಾದ ಹಣ್ಣೇ ಈ ಪೇರ್. ಗ್ರೂವಿಗೆ ಆ ಕಣಗಳ ಆಕಾರವು ಕಂಡಿತೇ ಹೊರತು ಅವುಗಳ ದ್ರವ್ಯವು ತಿಳಿಯಲಿಲ್ಲ. ತಿಳಿಯುವ ಸಾಧನವು ಆ ಕಾಲದಲ್ಲಿ ಇರಲೂ ಇಲ್ಲ.

ದ್ರವ್ಯದ ವಿಚಾರವು ಹಣ್ಣಿನಿಂದಲ್ಲ, ಮರದಿಂದ ಹೊರಟಿತು. ೧೮೧೩ರಲ್ಲಿ ಸಸ್ಯಶಾಸ್ತ್ರಜ್ಞನಾದ ಅಗಸ್ಟಿನ್ ಪಿರಾಮಸ್ ಡಿ ಕ್ಯಾಂಡೋಲನು ಕಾಷ್ಠವೆಂಬ ಅರ್ಥದ 'ಲಿಗ್ನಮ್' ಎಂಬ ಲ್ಯಾಟಿನ್ ಶಬ್ದದಿಂದ 'ಲಿಗ್ನಿನ್' ಎಂಬ ಹೆಸರನ್ನು ಬಳಕೆಗೆ ತಂದನು. ಆದರೆ ಹೆಸರು ಬಂದ ಮಾತ್ರಕ್ಕೆ ವಸ್ತುವು ಬೇರ್ಪಟ್ಟಂತಾಗಲಿಲ್ಲ. ಆ ಕಾರ್ಯವನ್ನು ಮಾಡಿದವನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಅವನು ೧೮೩೮ರಲ್ಲಿ ಮರದ ಹೊಟ್ಟನ್ನು ನೈಟ್ರಿಕ್ ಆಮ್ಲದಿಂದಲೂ ಅನಂತರ ಕ್ಷಾರದಿಂದಲೂ ಸಂಸ್ಕರಿಸಲು, ನಾರಿನಂತಹ ಬಿಳಿಯ ಪದಾರ್ಥವೊಂದು ಉಳಿಯಿತು. ಅದೇ ಮುಂದೆ ಸೆಲ್ಯುಲೋಸ್ ಎಂದು ಪ್ರಸಿದ್ಧವಾದುದು. ಕರಗಿಹೋದ ಭಾಗದಲ್ಲಿ ಇಂಗಾಲದ ಅಂಶವು ಹೆಚ್ಚಾಗಿತ್ತು. ನಾರಿನ ಮೇಲೆ ಗಾರೆಯಂತೆ ಮೆತ್ತಿಕೊಂಡಿರುವ ವಸ್ತುವೇ ಇದೆಂದು ಪಾಯೆನನು ಊಹಿಸಿದನು. ೧೮೫೭ರಲ್ಲಿ ಜರ್ಮನಿಯ ಫ್ರಾಂಟ್ಸ್ ಶುಲ್ಟ್ಸೆಯು ಈ ಮೆತ್ತುವಸ್ತುವಿಗೆ ಡಿ ಕ್ಯಾಂಡೋಲನ ಹಳೆಯ ಹೆಸರನ್ನೇ ಕೊಟ್ಟನು. ಹೀಗೆ ಹೆಸರೂ ವಸ್ತುವೂ ಒಂದಾಗುವುದಕ್ಕೆ ನಾಲ್ವತ್ತನಾಲ್ಕು ವರ್ಷಗಳು ಹಿಡಿದವು.

ಇಷ್ಟರವರೆಗೆ ಮರವನ್ನು ನೋಡುವವರು ಒಂದು ಕಡೆ, ಹಣ್ಣನ್ನು ನೋಡುವವರು ಇನ್ನೊಂದು ಕಡೆ ಎಂಬಂತಿದ್ದಿತು. ಇವರಿಬ್ಬರನ್ನೂ ಕೂಡಿಸಿದುದು ಒಂದು ಬಣ್ಣವು. ೧೮೭೮ರಲ್ಲಿ ವಿಯೆನ್ನಾದ ಜೂಲಿಯಸ್ ವೀಸ್ನರನು ಫ್ಲೋರೋಗ್ಲುಸಿನಾಲ್ ಎಂಬ ದ್ರವ್ಯವನ್ನು ಹೈಡ್ರೊಕ್ಲೋರಿಕ್ ಆಮ್ಲದೊಡನೆ ಸೇರಿಸಿ ಹಚ್ಚಿದರೆ ಕಾಷ್ಠವಾದ ಕೋಶಭಿತ್ತಿಯು ಕೆಂಪಾಗುವುದೆಂದು ತೋರಿಸಿದನು. ಮರದ ಚೂರನ್ನಿಟ್ಟರೂ, ಪೇರ್ ಹಣ್ಣಿನ ಕಣವನ್ನಿಟ್ಟರೂ, ಪೀಚ್ ಹಣ್ಣಿನ ಓಟೆಯನ್ನಿಟ್ಟರೂ ಅದೇ ಕೆಂಪು ತೋರುವುದು. ಸುತ್ತಣ ಮೆದುವಾದ ತಿರುಳಿನಲ್ಲಿ ಅದು ತೋರದು. ಹಣ್ಣಿನೊಳಗಣ ಕಲ್ಲು ಕಲ್ಲಲ್ಲ, ಮರವೇ ಎಂಬುದು ಈ ರೀತಿ ಕಣ್ಣಿಗೆ ಕಾಣುವಂತಾಯಿತು. ಇಂದಿಗೂ ಪ್ರಯೋಗಶಾಲೆಗಳಲ್ಲಿ ಈ ಪರೀಕ್ಷೆಯನ್ನು ನಡೆಸುತ್ತಾರೆಂಬುದು ಅದರ ಯೋಗ್ಯತೆಗೆ ಸಾಕ್ಷಿಯಾಗಿದೆ.

೩

ಶಾಸ್ತ್ರಜ್ಞರು ಹೆಸರನ್ನೂ ಬಣ್ಣವನ್ನೂ ಹುಡುಕುತ್ತಿದ್ದ ಕಾಲದಲ್ಲಿ ತೋಟಗಾರರು ನಾಲಗೆಯಿಂದಲೇ ಪರೀಕ್ಷೆಯನ್ನು ನಡೆಸುತ್ತಿದ್ದರು. ಯೂರೋಪಿನ ಹಳೆಯ ಪೇರ್ ಹಣ್ಣುಗಳಲ್ಲಿ ಅನೇಕವು ಗಡುಸಾಗಿಯೂ ಮರಳುಮರಳಾಗಿಯೂ ಇದ್ದು ಬೇಯಿಸಿ ತಿನ್ನುವುದಕ್ಕೇ ಯೋಗ್ಯವಾಗಿದ್ದವು. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುವ ಹಣ್ಣುಗಳಿಗೆ ಫ್ರೆಂಚರು ಬೆಣ್ಣೆಯ ಹೆಸರನ್ನೇ ಇಟ್ಟು 'ಬರೇ' ಎಂದು ಕರೆದರು. ಹದಿನೆಂಟನೆಯ ಶತಮಾನದಲ್ಲಿ ಈಗಿನ ಬೆಲ್ಜಿಯಮ್ ದೇಶಕ್ಕೆ ಸೇರಿದ ಮೋನ್ಸ್ ಪಟ್ಟಣದ ಪಾದ್ರಿ ಹಾರ್ಡನ್‌ಪಾಂಟನೂ, ಅವನ ತರುವಾಯ ಜಾನ್ ಬ್ಯಾಪ್ಟಿಸ್ಟ್ ವಾನ್ ಮೋನ್ಸನೂ ಬೀಜದಿಂದ ಸಸಿಗಳನ್ನು ಬೆಳೆಸಿ, ಅವುಗಳಲ್ಲಿ ಮೆದುವಾದ ಹಣ್ಣನ್ನು ಬಿಡುವುವನ್ನು ಆರಿಸುತ್ತ ಬಂದರು. ೧೭೬೫ರಲ್ಲಿ ಹುಟ್ಟಿ ೧೮೪೨ರಲ್ಲಿ ತೀರಿಕೊಂಡ ವಾನ್ ಮೋನ್ಸನು ಈ ಕಾರ್ಯದಲ್ಲಿ ಪಟ್ಟ ಶ್ರಮವು ಅಪಾರವಾದುದು. ಅವರು ಆರಿಸಿದುದು ಮೆದುತನವನ್ನು. ಆ ಮೆದುತನವೆಂದರೆ ಕಲ್ಲುಕಣಗಳ ಅಲ್ಪತೆಯೆಂಬುದನ್ನು ಹೇಳುವ ಶಾಸ್ತ್ರವು ಆಗ ಇನ್ನೂ ಹುಟ್ಟಿರಲಿಲ್ಲ. ಕಾರಣವನ್ನು ಅರಿಯದೆಯೂ ಫಲವನ್ನು ಪಡೆಯಬಹುದೆಂಬುದಕ್ಕೆ ಇದು ಉತ್ತಮವಾದ ನಿದರ್ಶನವು.

ಬರ್ಬ್ಯಾಂಕನ ಕಾರ್ಯವು ಇದಕ್ಕಿಂತ ಸಾಹಸದ್ದು. ೧೮೪೯ರಲ್ಲಿ ಮೆಸಚೂಸೆಟ್ಸ್ ಸಂಸ್ಥಾನದಲ್ಲಿ ಹುಟ್ಟಿದ ಅವನು ೧೮೭೫ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ರೋಸಾ ಎಂಬ ಊರಿಗೆ ಬಂದು ನೆಲಸಿ, ೧೯೨೬ರಲ್ಲಿ ಕಾಲವಾಗುವವರೆಗೂ ಹೊಸ ತಳಿಗಳ ನಿರ್ಮಾಣದಲ್ಲಿಯೇ ತೊಡಗಿದ್ದನು. ಓಟೆಯು ಪೂರ್ಣವಾಗಿ ಬೆಳೆಯದ ಒಂದು ಪ್ಲಮ್ ಹಣ್ಣು ಫ್ರಾನ್ಸಿನಲ್ಲಿ ಬಹುಕಾಲದಿಂದ ಪರಿಚಿತವಾಗಿದ್ದಿತು. ಅದಕ್ಕೆ ಓಟೆಯಿಲ್ಲದ್ದು ಎಂಬರ್ಥದ 'ಸಾನ್ ನ್ವಾಯೊ' ಎಂದು ಹೆಸರು. ಬರ್ಬ್ಯಾಂಕನು ಅದನ್ನು ತರಿಸಿಕೊಂಡನು. ಹಣ್ಣು ಸಣ್ಣದು, ರುಚಿಯಿಲ್ಲದ್ದು. ಬೀಜದ ಒಂದು ಮಗ್ಗುಲಲ್ಲಿ ಮಾತ್ರ ಓಟೆಯ ತುಂಡೊಂದು ಉಳಿದಿರುವುದು. ಅದನ್ನು ಒಣಗಿಸುವುದಕ್ಕೆ ಯೋಗ್ಯವಾದ ಒಳ್ಳೆಯ ಫ್ರೆಂಚ್ ಪ್ಲಮ್ಮುಗಳೊಡನೆ ಸಂಕರಮಾಡಿ, ಸಾವಿರಾರು ಸಸಿಗಳನ್ನು ಬೆಳೆಸಿ, ಬೇಡವಾದುವನ್ನು ಕಿತ್ತೆಸೆದು, ಅನೇಕ ವರ್ಷಗಳ ಮೇಲೆ ಓಟೆಯು ಬಹುಮಟ್ಟಿಗೆ ಅಡಗಿದ ತಳಿಗಳನ್ನು ಪಡೆದನು. ಅವುಗಳಲ್ಲೊಂದನ್ನು ೧೯೧೬ರಲ್ಲಿ 'ಕಾಂಕ್ವೆಸ್ಟ್', ಎಂದರೆ ವಿಜಯ, ಎಂಬ ಹೆಸರಿನಿಂದ ಮಾರಾಟಕ್ಕೆ ಬಿಟ್ಟನು.

ಈ ಹೆಸರು ಎಷ್ಟರಮಟ್ಟಿಗೆ ಸಾರ್ಥಕವೆಂಬುದನ್ನು ವಿಚಾರಿಸಬೇಕು. ಮೊದಲನೆಯದಾಗಿ, ಮಾಯವಾದುದು ಓಟೆಯ ಬಹುಭಾಗವೇ ಹೊರತು ಬೀಜವಲ್ಲ. ಎರಡನೆಯದಾಗಿ, ಈ ಗುಣವನ್ನು ಬರ್ಬ್ಯಾಂಕನು ನಿರ್ಮಿಸಲಿಲ್ಲ. ಅದು ಫ್ರೆಂಚ್ ಮರದಲ್ಲಿ ತಾನಾಗಿಯೇ ಹುಟ್ಟಿದ್ದಿತು. ಅವನು ಮಾಡಿದುದು ಅದನ್ನು ಒಳ್ಳೆಯ ತಿರುಳಿನೊಡನೆ ಕೂಡಿಸುವ ಪ್ರಯತ್ನವನ್ನು. ಮೂರನೆಯದಾಗಿ, ಆ ತಳಿಯು ವ್ಯಾಪಾರದಲ್ಲಿ ನೆಲೆಗೊಳ್ಳಲಿಲ್ಲ. ಇಂದಿಗೂ ಪೇಟೆಯ ಪ್ಲಮ್ ಹಣ್ಣುಗಳು ಓಟೆಯುಳ್ಳವೇ ಆಗಿವೆ. ನಾಲ್ಕನೆಯದು ಇತಿಹಾಸಕಾರನಿಗೆ ಎಲ್ಲಕ್ಕಿಂತ ವ್ಯಸನಕರವಾದುದು. ವಾಷಿಂಗ್‌ಟನ್ನಿನ ಕಾರ್ನೆಗೀ ಸಂಸ್ಥೆಯು ೧೯೦೫ರಿಂದ ವರ್ಷಕ್ಕೆ ೧೦,೦೦೦ ಡಾಲರುಗಳಂತೆ ಬರ್ಬ್ಯಾಂಕನಿಗೆ ಸಹಾಯಧನವನ್ನು ಕೊಟ್ಟು, ಅವನ ಪದ್ಧತಿಗಳನ್ನು ಬರೆದಿಡುವುದಕ್ಕಾಗಿ ಜಾರ್ಜ್ ಶಲ್ ಎಂಬ ವಿದ್ವಾಂಸನನ್ನು ಕಳುಹಿಸಿದ್ದಿತು. ಬರ್ಬ್ಯಾಂಕನು ಸಂಕರಗಳ ವಂಶಾವಳಿಯನ್ನು ಕ್ರಮವಾಗಿ ಬರೆದಿಡುವ ಅಭ್ಯಾಸದವನಲ್ಲ. ಅವನ ಕಣ್ಣೇ ಅವನ ಕಡತ. ೧೯೦೯ರಲ್ಲಿ ಧನವು ನಿಂತಿತು. ಶಲ್ಲನ ಸಮಗ್ರವಾದ ವರದಿಯು ಪ್ರಕಟವಾಗಲೇ ಇಲ್ಲ. ಹೀಗಾಗಿ ಓಟೆಯು ಏಕೆ ಅಡಗಿತೆಂಬ ಪ್ರಶ್ನೆಗೆ ಉತ್ತರವು ಬರ್ಬ್ಯಾಂಕನೊಡನೆ ದೊರೆಯದೆ ಹೋಯಿತು.

೪

ಇತ್ತ ರಸಾಯನಶಾಸ್ತ್ರವು ತನ್ನ ದಾರಿಯಲ್ಲಿ ಮುಂದುವರಿಯುತ್ತಿದ್ದಿತು. ಸೂಚಿಪರ್ಣದ ಮರಗಳ ರಸದಲ್ಲಿ ೧೮೬೧ರಲ್ಲಿ ಹಾರ್ಟಿಗನು ಕಂಡ ಕೋನಿಫೆರಿನ್ ಎಂಬ ಪದಾರ್ಥದಿಂದ ೧೮೭೪ರಲ್ಲಿ ಟೀಮನ್, ಹಾರ್ಮನ್ ಎಂಬಿಬ್ಬರು ವೆನಿಲ್ಲಾದ ಪರಿಮಳದ್ರವ್ಯವನ್ನು ತಯಾರಿಸಿದರು. ಲಿಗ್ನಿನ್ನು ಇದೇ ಬಳಗಕ್ಕೆ ಸೇರಿದ ಕೋನಿಫೆರಿಲ್ ಆಲ್ಕೊಹಾಲಿನಿಂದ ಆಗಿರಬೇಕೆಂದು ಸ್ವೀಡನ್ನಿನ ಪೇಟರ್ ಕ್ಲಾಸನ್ನನು ೧೮೯೭ರ ಸುಮಾರಿನಲ್ಲಿ ಸೂಚಿಸಿದನು. ಮರವನ್ನು ಶೇಕಡ ೭೨ರ ಗಂಧಕಾಮ್ಲದಲ್ಲಿ ಕರಗಿಸಿ, ಕರಗದೆ ಉಳಿದುದನ್ನು ತೂಗಿ ಲಿಗ್ನಿನ್ನನ್ನು ಅಳೆಯುವ ಕ್ರಮವು ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹೈಡೆಲ್‌ಬರ್ಗಿನ ಕಾರ್ಲ್ ಫ್ರಾಯ್ಡನ್‌ಬರ್ಗನು ಕೋನಿಫೆರಿಲ್ ಆಲ್ಕೊಹಾಲಿಗೆ ಅಣಬೆಯ ಕಿಣ್ವವನ್ನು ಬೆರಸಿ, ಲಿಗ್ನಿನ್ನನ್ನು ಹೋಲುವ ಪದಾರ್ಥವನ್ನು ಗಾಜಿನ ಪಾತ್ರೆಯಲ್ಲಿಯೇ ಪಡೆದನು. ಕ್ಲಾಸನ್ನನ ಊಹೆಗೆ ಇದರಿಂದ ಬಲವಾದ ಸಮರ್ಥನೆಯು ದೊರೆಯಿತು.

ಈ ಆಲ್ಕೊಹಾಲುಗಳನ್ನು ಗಿಡವು ಹೇಗೆ ಮಾಡಿಕೊಳ್ಳುವುದೆಂಬುದು ಮುಂದಿನ ಪ್ರಶ್ನೆ. ೧೯೬೧ರಲ್ಲಿ ಕ್ಯಾಲಿಫೋರ್ನಿಯದ ಕೌಕಾಲ್, ಕಾನ್ ಎಂಬವರು ಬಾರ್ಲಿಯ ಗಿಡದಲ್ಲಿ ಫೆನೈಲಲನಿನ್ ಎಂಬ ಅಮೈನೋ ಆಮ್ಲದಿಂದ ಅಮೋನಿಯವನ್ನು ತೆಗೆದುಹಾಕುವ ಕಿಣ್ವವನ್ನು ಕಂಡುಹಿಡಿದರು. ಇದೇ ಸರಣಿಯ ಹೆಬ್ಬಾಗಿಲು. ಇಲ್ಲಿಂದ ಮುಂದೆ ಸುಮಾರು ಹತ್ತು ಕಿಣ್ವಗಳು, ಒಂದರ ಕೈಯಿಂದ ಇನ್ನೊಂದರ ಕೈಗೆ ಎಂಬಂತೆ, ಪದಾರ್ಥವನ್ನು ಮಾರ್ಪಡಿಸುತ್ತ ಮೂರು ಬಗೆಯ ಆಲ್ಕೊಹಾಲುಗಳನ್ನು ಸಿದ್ಧಪಡಿಸುತ್ತವೆ. ಇವು ಕೋಶಭಿತ್ತಿಗೆ ಸಾಗಿದ ಮೇಲೆ ಪೆರಾಕ್ಸಿಡೇಸ್, ಲ್ಯಾಕೇಸ್ ಎಂಬ ಕಿಣ್ವಗಳು ಇವನ್ನು ಹೆಣೆದು ಲಿಗ್ನಿನ್ ಮಾಡುತ್ತವೆ. ಭಿತ್ತಿಯು ಪೂರ್ತಿ ತುಂಬಿದ ಮೇಲೆ ಓಟೆಯ ಕೋಶವು ಸಾಯುತ್ತದೆ. ಅದರ ಗಟ್ಟಿಯಾದ ಗೋಡೆಯು ಮಾತ್ರ ನಿಲ್ಲುತ್ತದೆ.

ಇದೇ ಸರಣಿಯಿಂದ ಕವಲೊಡೆದ ಇನ್ನೊಂದು ದಾರಿಯು ಹಣ್ಣಿನ ಸಿಪ್ಪೆಯ ಕೆಂಪು ಬಣ್ಣಕ್ಕೂ ಒಗರಿಗೂ ಕಾರಣವಾದ ಪದಾರ್ಥಗಳ ಕಡೆಗೆ ಹೋಗುತ್ತದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಪೀಚ್ ಹಣ್ಣಿನ ವಿಚಾರಕ್ಕೆ ಇದು ಅವಶ್ಯಕವು.

೫

ಪ್ರತಿಯೊಂದು ಕಿಣ್ವದ ವಿಧಿಯೂ ವಂಶವಾಹಿಯಲ್ಲಿ, ಎಂದರೆ ಜೀನಿನಲ್ಲಿ, ಅಡಗಿರುವುದು. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ವಂಶವಾಹಿಗಳ ಲಿಪಿಯನ್ನೆಲ್ಲ ೨೦೦೦ದಲ್ಲಿ ಓದಿ ಮುಗಿಸಿದರು. ಸಸ್ಯಗಳಲ್ಲಿ ಇದೇ ಮೊದಲನೆಯದು. ೨೦೦೩ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ನಗರದ ಸಂಶೋಧಕರು ಲಿಗ್ನಿನ್ನಿನ ಆಲ್ಕೊಹಾಲುಗಳನ್ನು ಮಾಡುವ ವಂಶವಾಹಿಗಳನ್ನು ಆ ಲಿಪಿಯಲ್ಲಿ ಹುಡುಕಲು, ಹತ್ತು ಕುಟುಂಬಗಳಲ್ಲಿ ೩೪ ಅಭ್ಯರ್ಥಿಗಳು ದೊರೆತವು. ಹೆಬ್ಬಾಗಿಲಿನ ಕಿಣ್ವವೊಂದಕ್ಕೇ ಆ ಗಿಡದಲ್ಲಿ ನಾಲ್ಕು ವಂಶವಾಹಿಗಳಿವೆ.

ಇಲ್ಲಿ ಕುಟುಂಬವೆಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಬೇಕು. ಪೂರ್ವದಲ್ಲಿ ಒಂದೇ ಆಗಿದ್ದ ವಂಶವಾಹಿಯು ಪೀಳಿಗೆಗಳ ಕಾಲಾಂತರದಲ್ಲಿ ಇಮ್ಮಡಿಯಾಗಿ, ಆ ಪ್ರತಿಗಳು ಸ್ವಲ್ಪಸ್ವಲ್ಪವಾಗಿ ಬೇರ್ಪಟ್ಟು, ಒಂದೊಂದು ಒಂದೊಂದು ಅಂಗಕ್ಕೆ ಅಥವಾ ಕಾಲಕ್ಕೆ ಸಂದುಹೋಗುತ್ತದೆ. ಅವಿಭಕ್ತ ಕುಟುಂಬವೊಂದು ಪಾಲಾದಾಗ ಅಣ್ಣನು ಹೊಲವನ್ನೂ ತಮ್ಮನು ತೋಟವನ್ನೂ ನೋಡಿಕೊಳ್ಳುವಂತೆ, ಒಂದು ಪ್ರತಿಯು ಕಾಂಡದಲ್ಲಿ, ಮತ್ತೊಂದು ಹಣ್ಣಿನಲ್ಲಿ, ಇನ್ನೊಂದು ಗಾಯವಾದಾಗ ಮಾತ್ರ ಕೆಲಸಮಾಡಬಹುದು. ಆದುದರಿಂದ ಲಿಗ್ನಿನ್ನಿನ ವಂಶವಾಹಿ ಯಾವುದು ಎಂಬ ಏಕವಚನದ ಪ್ರಶ್ನೆಯೇ ಅಸಮಂಜಸವಾದುದು.

ಇವುಗಳ ಮೇಲೆ ಅಧಿಕಾರ ನಡೆಸುವ ನಿಯಾಮಕ ವಂಶವಾಹಿಗಳ ಕುಟುಂಬಗಳು ಬೇರೆ ಇವೆ. ಅವುಗಳಲ್ಲಿ ನ್ಯಾಕ್, ಮಿಬ್ ಎಂಬವು ಮುಖ್ಯವಾದುವು. ನ್ಯಾಕ್ ಕುಟುಂಬಕ್ಕೆ ಸೇರಿದ ಎರಡು ನಿಯಾಮಕಗಳನ್ನು ಕೆಡಿಸಿದರೆ ಅರಬಿಡಾಪ್ಸಿಸಿನ ಕಾಂಡದ ನಾರುಗಳಲ್ಲಿ ದಪ್ಪಭಿತ್ತಿಯು ಮೂಡದೆ ಗಿಡವು ನೆಟ್ಟಗೆ ನಿಲ್ಲಲಾರದೆಂದು ೨೦೦೭ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇದಕ್ಕೂ ಮುಂಚೆ, ೨೦೦೦ದಲ್ಲಿ, ಆ ಗಿಡದ ಕಾಯಿಯ ಅಂಚಿನಲ್ಲಿ ಲಿಗ್ನಿನ್ ತುಂಬಿಸಿ ಕಾಯಿಯು ಒಡೆಯುವಂತೆ ಮಾಡುವ 'ಷಾಟರ್‌ಪ್ರೂಫ್' ಎಂಬ ಜೋಡಿ ವಂಶವಾಹಿಗಳನ್ನು ಕ್ಯಾಲಿಫೋರ್ನಿಯದಲ್ಲಿ ಗುರುತಿಸಿದ್ದರು.

ಒಣಗಿ ಒಡೆಯುವ ಸಾಸಿವೆಯಂತಹ ಕಾಯಿಗೂ ರಸಭರಿತವಾದ ಪೀಚ್ ಹಣ್ಣಿಗೂ ಏನು ಸಂಬಂಧವೆಂದು ಕೇಳಬಹುದು. ೨೦೧೦ರಲ್ಲಿ ಅಮೆರಿಕದ ಕೃಷಿ ಇಲಾಖೆಗೆ ಸೇರಿದ, ಪಶ್ಚಿಮ ವರ್ಜೀನಿಯದ ಕೆರ್ನೀಸ್‌ವಿಲ್ ಹಣ್ಣಿನ ಸಂಶೋಧನಾಲಯದಿಂದ ಇದಕ್ಕೆ ಉತ್ತರವು ಬಂದಿತು. ಪೀಚಿನ ಓಟೆಯು ಗಟ್ಟಿಯಾಗುವ ಮೊದಲು ಲಿಗ್ನಿನ್ ಸರಣಿಯ ವಂಶವಾಹಿಗಳು ಓಟೆಯ ಪದರದಲ್ಲಿ ಒಟ್ಟಾಗಿ ಎಚ್ಚರಗೊಳ್ಳುತ್ತವೆ. ಬಣ್ಣ ಒಗರುಗಳ ಕವಲಿನ ವಂಶವಾಹಿಗಳು ಹೊರಗಿನ ತಿರುಳು ಸಿಪ್ಪೆಗಳಲ್ಲಿ ಕೆಲಸಮಾಡುತ್ತವೆ. ಅರಬಿಡಾಪ್ಸಿಸಿನ ಕಾಯಿಯಂಚನ್ನು ಗಟ್ಟಿಮಾಡುವ ನಿಯಾಮಕಗಳ ಬಂಧುಗಳೇ ಪೀಚಿನ ಓಟೆಯಲ್ಲಿಯೂ ಕಾಣಿಸಿಕೊಳ್ಳುತ್ತವೆ. ಹಳೆಯ ಉಪಕರಣವನ್ನು ಪ್ರಕೃತಿಯು ಹೊಸ ಕೆಲಸಕ್ಕೆ ಒಗ್ಗಿಸಿಕೊಂಡಿದೆಯೆಂದು ಇದರಿಂದ ಊಹಿಸಬಹುದಾಗಿದೆ.

೨೦೧೩ರಲ್ಲಿ ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ಚೀನದ 'ದಾಂಗ್‌ಶಾನ್ ಸು' ಎಂಬ ಪೇರ್ ತಳಿಯ ಲಿಪಿಯು ಪ್ರಕಟವಾಯಿತು. ಅದರಲ್ಲಿ ೪೨,೮೧೨ ವಂಶವಾಹಿಗಳು ಎಣಿಕೆಗೆ ಬಂದವು. ಕಲ್ಲುಕಣಗಳು ಮೂಡುವ ಕಾಲದಲ್ಲಿ ಲಿಗ್ನಿನ್ ಸರಣಿಯ ಮಧ್ಯದಲ್ಲಿರುವ ಎಚ್‌ಸಿಟಿ ಎಂಬ ಕುಟುಂಬದ ಸದಸ್ಯಗಳಿಗೆ ವಿಶೇಷವಾದ ಪಾತ್ರವಿರುವಂತೆ ಆ ಸಂಶೋಧಕರಿಗೆ ತೋರಿತು. ಗ್ರೂ ಚಿತ್ರಿಸಿದ ಕಣಗಳಿಗೂ ವಂಶವಾಹಿಗಳ ಲಿಪಿಗೂ ಹೀಗೆ ೩೩೧ ವರ್ಷಗಳ ಮೇಲೆ ಸಂಬಂಧವು ಏರ್ಪಟ್ಟಿತು.

೬

ಈಗ ಮೊದಲು ಹೇಳಿದ ಎರಡು ಅಭಿಪ್ರಾಯಗಳ ಪರೀಕ್ಷೆಗೆ ಬರೋಣ. ಪ್ಲಮ್, ಪೀಚ್, ಪೇರ್, ಲೋಕಾಟ್ ಇವೆಲ್ಲವೂ ಗುಲಾಬಿಯ ಕುಲಕ್ಕೆ ಸೇರಿದವು. ಲಿಗ್ನಿನ್ ಮಾಡುವ ವಂಶವಾಹಿಗಳ ಕುಟುಂಬಗಳು ಇವುಗಳಿಗೆಲ್ಲ ಸಮಾನವಾದ ಪಿತ್ರಾರ್ಜಿತ. ಆದರೂ ಪೀಚಿನಲ್ಲಿ ಅದು ಓಟೆಯಾಗಿ ಒಂದೇ ಪದರದಲ್ಲಿ ಕೂಡಿರುವುದು. ಪೇರಿನಲ್ಲಿ ಮರಳಾಗಿ ತಿರುಳಿನಲ್ಲೆಲ್ಲ ಚದರಿರುವುದು. ಲೋಕಾಟಿನಲ್ಲಿ ಹಣ್ಣನ್ನು ಕಿತ್ತ ಮೇಲೆ ಹೆಚ್ಚುವುದು. ಈ ಕೊನೆಯದು ವಿಚಿತ್ರವಾದ ಸಂಗತಿ. ಸಾಮಾನ್ಯವಾಗಿ ಹಣ್ಣುಗಳು ಇಟ್ಟಷ್ಟೂ ಮೆತ್ತಗಾಗುವುವು. ಚೀನದ 'ಲುವೊಯಾಂಗ್‌ಚಿಂಗ್' ಎಂಬ ಕೆಂಪು ತಿರುಳಿನ ಲೋಕಾಟಾದರೋ ಕೊಯ್ಲಿನ ತರುವಾಯ, ವಿಶೇಷವಾಗಿ ಶೂನ್ಯ ಡಿಗ್ರಿಯ ಶೈತ್ಯದಲ್ಲಿಟ್ಟಾಗ, ಲಿಗ್ನಿನ್ ತುಂಬಿಕೊಂಡು ಗಡುಸಾಗುತ್ತದೆ. 'ಬೈಶಾ' ಎಂಬ ಬಿಳಿಯ ತಿರುಳಿನದು ಹಾಗಾಗುವುದಿಲ್ಲ. ಮಿಬ್ ಕುಟುಂಬದ ಎರಡು ನಿಯಾಮಕಗಳು ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸಿ, ಒಂದು ಲಿಗ್ನಿನ್ನಿನ ಕೆಲಸವನ್ನು ಪ್ರಚೋದಿಸುವುದೆಂದೂ ಮತ್ತೊಂದು ತಡೆಯುವುದೆಂದೂ ೨೦೧೪ರಲ್ಲಿ ಜೆಜಿಯಾಂಗ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದರು. ಹಣ್ಣನ್ನು ಕೆಡದಂತೆ ಉಳಿಸಲೆಂದು ಮಾಡಿದ ಶೈತ್ಯೋಪಚಾರವೇ ಅದರ ಮೆದುತನವನ್ನು ಕೆಡಿಸುವುದೆಂಬುದು ಬೆಳೆಗಾರನ ಪಾಲಿಗೆ ಸಣ್ಣ ನಷ್ಟವಲ್ಲ.

ಇದರಿಂದ ಒಂದು ತತ್ತ್ವವು ಸಿದ್ಧಿಸುತ್ತದೆ. ಹಣ್ಣಿನ ಹದವನ್ನು ನಿರ್ಣಯಿಸುವುದು ಲಿಗ್ನಿನ್ ಮಾಡುವ ಸಾಮರ್ಥ್ಯವಲ್ಲ. ಆ ಸಾಮರ್ಥ್ಯವು ಎಲ್ಲ ಮರಗಳಿಗೂ ಇದೆ, ಇರಲೇಬೇಕು. ಇಲ್ಲದಿದ್ದರೆ ಮರವೇ ನಿಲ್ಲಲಾರದು. ಯಾವ ಕೋಶಗಳಲ್ಲಿ, ಯಾವಾಗ, ಎಷ್ಟು ಎಂಬ ಮೂರು ಪ್ರಶ್ನೆಗಳೇ ನಿರ್ಣಾಯಕವಾದುವು.

ಬರ್ಬ್ಯಾಂಕನು ಬಿಟ್ಟುಹೋದ ಪ್ರಶ್ನೆಗೂ ಇದೇ ಬೆಳಕಿನಲ್ಲಿ ಉತ್ತರವು ದೊರೆಯಿತು. 'ಸ್ಟೋನ್‌ಲೆಸ್' ಎಂಬ, ತಾನಾಗಿ ಹುಟ್ಟಿದ, ಓಟೆಯು ಅರೆಯಾದ ಪ್ಲಮ್ ತಳಿಯೊಂದು ಅಳಿಯದೆ ಉಳಿದುಬಂದಿದ್ದಿತು. ಅದನ್ನು ಅದೇ ಕೆರ್ನೀಸ್‌ವಿಲ್ಲಿನ ಸಂಶೋಧಕರು ಪರೀಕ್ಷಿಸಿ ೨೦೦೯ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಲಿಗ್ನಿನ್ ಸರಣಿಯು ಮುರಿದು ಓಟೆಯು ಮೆತ್ತಗಾಗಿರಬೇಕೆಂದು ಯಾರಾದರೂ ಊಹಿಸುವಂತಿದ್ದಿತು. ಕಂಡುದು ಬೇರೆ. ಲಿಗ್ನಿನ್ ತುಂಬುವ ಕಾಲಕ್ಕೆ ಬಹಳ ಮೊದಲೇ, ಕಾಯಿಯು ಇನ್ನೂ ಎಳೆಯದಾಗಿರುವಾಗಲೇ, ಓಟೆಯಾಗಬೇಕಾದ ಕೋಶಗಳ ಸಂಖ್ಯೆಯೇ ಕಡಮೆಯಾಗಿದ್ದಿತು. ಹುಟ್ಟಿದ ಕೆಲವು ಕೋಶಗಳು ಎಂದಿನಂತೆ ಗಟ್ಟಿಯಾಗಿಯೇ ಆದವು. ಅರೆ ಓಟೆಯು ಉಳಿದುದು ಅದರಿಂದಲೇ. ಗಾರೆಯು ಕೆಟ್ಟಿರಲಿಲ್ಲ, ಗೋಡೆ ಕಟ್ಟುವುದಕ್ಕೆ ಇಟ್ಟಿಗೆಗಳೇ ಸಾಲದಾಗಿದ್ದವು. ಲಿಗ್ನಿನ್ನಿನ ಯಾವ ವಂಶವಾಹಿಯನ್ನು ಹುಡುಕಿದ್ದರೂ ಬರ್ಬ್ಯಾಂಕನ ಗುಟ್ಟು ಸಿಕ್ಕುತ್ತಿರಲಿಲ್ಲವೆಂದೂ, ಅವನು ಗೆದ್ದುದು ಕಾಷ್ಠವನ್ನಲ್ಲವೆಂದೂ ಇದರಿಂದ ಸ್ಥಿರಪಡುತ್ತದೆ.

೭

ಈ ಚರಿತ್ರೆಯಿಂದ ಎರಡು ಪಾಠಗಳನ್ನು ಗ್ರಹಿಸಬಹುದಾಗಿದೆ. ಬರ್ಬ್ಯಾಂಕನ ತೋಟದಲ್ಲಿ ಮರಗಳಿದ್ದವು, ಬರಹವು ಇರಲಿಲ್ಲ; ಆದುದರಿಂದ ಅವನು ಕಂಡುದು ಅವನೊಡನೆ ಹೋಯಿತು. ಮನುಷ್ಯನ ನೆನಪು ಎಷ್ಟೇ ಚುರುಕಾಗಿದ್ದರೂ ಅದು ಪರಂಪರೆಯಾಗಲಾರದು. ಇದು ಮೊದಲನೆಯ ಪಾಠ.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಸಣ್ಣದೂ ರುಚಿಯಿಲ್ಲದ್ದೂ ಆದ ಹಣ್ಣನ್ನು ಬಿಡುವ ಮರವನ್ನು ಯಾವ ವರ್ತಕನೂ ಬಯಸನು. ಹಾಗಿದ್ದರೂ ಓಟೆಯಿಲ್ಲದ ಪ್ಲಮ್ಮಿನ ಜಾತಿಯನ್ನು ಶತಮಾನಗಳುದ್ದಕ್ಕೂ ಯಾರೋ ಕಸಿಮಾಡಿ, ನೀರೆರೆದು, ಉಳಿಸಿಕೊಂಡು ಬಂದರು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಆ ಮರವನ್ನು ಕಡಿದು ಒಲೆಗೆ ಹಾಕಿದ್ದರೆ ೨೦೦೯ರ ಪ್ರಶ್ನೆಗೆ ಉತ್ತರವೂ ಅದರೊಡನೆ ಬೂದಿಯಾಗುತ್ತಿದ್ದಿತು. ಲಿಪಿಯನ್ನು ಓದುವ ವಿದ್ಯೆಯು ಎಷ್ಟು ಬೆಳೆದರೂ ಓದುವುದಕ್ಕೆ ಗ್ರಂಥವಿರಬೇಕು. ಮರವೇ ಆ ಗ್ರಂಥ. ನಮ್ಮ ನಾಡಿನ ಹಿತ್ತಿಲುಗಳಲ್ಲಿ ನಾರು ಹೆಚ್ಚೆಂದೋ ಓಟೆ ದಪ್ಪವೆಂದೋ ತಿರಸ್ಕೃತವಾಗಿ ನಿಂತಿರುವ ಕಾಟುಮಾವಿನ ಮರಗಳನ್ನು ಕಡಿಯಲು ಕೊಡಲಿಯನ್ನು ಎತ್ತುವ ಮುನ್ನ ಈ ಪ್ಲಮ್ಮಿನ ಕಥೆಯನ್ನು ಒಮ್ಮೆ ನೆನೆಯುವುದು ಯುಕ್ತವಾಗಿರುವುದು.